ಹೊರೆಗೆ ಎಂಜಿನ್ನೇ ಬೇಕೆಂದವರು ಯಾರು?

ಆಂಧ್ರದ ಆದೋನಿಯ ಅಂಗಡಿ ಬೀದಿಯಲ್ಲಿ ಯಾರನ್ನಾದರೂ ಕೇಳಿ, ಮೂರು ಗಾಲಿಯ ಸಾಮಾನು ರಿಕ್ಷಾಕ್ಕೆ ಇನ್ನೇನಾದರೂ ಆಯುಸ್ಸಿದೆಯೇ ಅಂತ. ನಗುತ್ತಾರೆ. ಹೋಲ್‌ಸೇಲ್ ಸಾಹುಕಾರ, ಸಾಲ ಕೊಡುವ ಬ್ಯಾಂಕಿನವರು, ಮುನಿಸಿಪಾಲಿಟಿಯವರು, ಕೊನೆಗೆ ಆ ರಿಕ್ಷಾ ತುಳಿಯುವವನ ಮಗ ಕೂಡ ಒಂದೇ ರಾಗ ಹಾಡುತ್ತಾರೆ: ಅದು ಬಡತನದ ಗಾಡಿ, ಹೋದರೆ ಹೋಗಲಿ, ಹೊರೆ ಸಾಗಬೇಕಾದರೆ ಎಂಜಿನ್ ಬೇಕು. ಈಚೆಗೆ ಈ ರಾಗಕ್ಕೆ ಇನ್ನೊಂದು ಸಾಲು ಸೇರಿದೆ. ಪರಿಸರ ಉಳಿಸಬೇಕಲ್ಲ, ಹಾಗಾಗಿ ಲಗೇಜ್ ಆಟೋವನ್ನೇ ಬ್ಯಾಟರಿಯದ್ದಾಗಿ ಮಾಡಿ, ಅದಕ್ಕೆ ಸಬ್ಸಿಡಿ ಕೊಟ್ಟು ಕೈತೊಳೆದುಕೊಂಡರೆ ಆಯಿತಂತೆ. ಕೇಳಲು ಹಿತವಾಗಿಯೇ ಇದೆ. ಆದರೆ ಇದರಿಂದ ಸಾಮಾನು ಹೊರುವವನ ಕೈಗೆ ಬರುವುದು ಸಾಲದ ಕಂತು ಮಾತ್ರ ಎಂಬುದು ನನ್ನ ತಕರಾರು. ಪೆಡಲಿಗೆ ಜೊತೆ ಕೊಡುವ ಸಣ್ಣ ಮೋಟಾರು, ಸೈಕಲ್ಲಿನ ಬೆನ್ನಿಗೆ ಕಟ್ಟುವ ಟ್ರೇಲರ್, ಈ ಸೀಮೆಯ ದಿನನಿತ್ಯದ ಹೆಚ್ಚಿನ ಹೊರೆಗೆ ಇವೇ ತಕ್ಕವು. ಬ್ಯಾಟರಿ ಆಟೋ ಅಲ್ಲ, ಟಾಟಾ ಏಸ್ ಅಂತೂ ಅಲ್ಲವೇ ಅಲ್ಲ.

ಮೊದಲು ಹೊರೆ ಎಂದರೆ ಯಾವುದು ಎಂದು ನೋಡೋಣ. ಆದೋನಿ ಎಂದೊಡನೆ ಎಲ್ಲರಿಗೂ ಹತ್ತಿ ನೆನಪಾಗುತ್ತದೆ. ಸುಗ್ಗಿಯಲ್ಲಿ ಅಂಡಿಗೆ ತುಂಬಿಕೊಂಡು ಮಾರ್ಕೆಟ್ ಯಾರ್ಡಿನ ಮುಂದೆ ನಿಲ್ಲುವ ಗಾಡಿಗಳ ಸಾಲು, ಜಿನ್ನಿಂಗ್ ಮಿಲ್ಲಿನಿಂದ ಹೊರಬೀಳುವ 170 ಕೆ.ಜಿ.ಯ ಬೇಲುಗಳು, ಹತ್ತಿಕಾಳಿನ ಲಾರಿಗಳು. ಇವನ್ನು ಸೈಕಲ್ಲಿನ ಮೇಲೆ ಹೇರಿ ಎನ್ನಲು ನನಗೆ ಹುಚ್ಚು ಹಿಡಿದಿಲ್ಲ. ಆದರೆ ಯಾರ್ಡಿನ ಗೇಟು ದಾಟಿ ಊರೊಳಗೆ ಬನ್ನಿ. ಹೋಲ್‌ಸೇಲ್ ಅಂಗಡಿಯಿಂದ ಓಣಿಯ ಕಿರಾಣಿಗೆ ಹೋಗುವ ನಾಲ್ಕು ಎಣ್ಣೆ ಡಬ್ಬ, ಎರಡು ಚೀಲ ಉಳ್ಳಾಗಡ್ಡಿ. ಕಟ್ಟಡದ ಕೆಲಸಕ್ಕೆ ಹೋಗುವ 50 ಕೆ.ಜಿ.ಯ ಸಿಮೆಂಟ್ ಚೀಲಗಳು. ರೈತ ಒಯ್ಯುವ 45 ಕೆ.ಜಿ.ಯ ಯೂರಿಯಾ; ಮನೆಮನೆಗೆ ಏರಬೇಕಾದ ಗ್ಯಾಸ್ ಸಿಲಿಂಡರು; ಇಪ್ಪತ್ತು ಲೀಟರಿನ ನೀರಿನ ಕ್ಯಾನು; ಬಟ್ಟೆ ಅಂಗಡಿಯ ಗಂಟು. ಒಂದೊಂದು ಸಲ ನೂರೋ ಇನ್ನೂರೋ ಕೆ.ಜಿ., ದೂರ ಎರಡು ಮೂರು ಕಿಲೋಮೀಟರು, ದಾರಿಯಲ್ಲಿ ಹತ್ತು ಕಡೆ ನಿಲ್ಲಬೇಕು. ಕೋಟೆಯ ಬೆಟ್ಟದ ಕೆಳಗಿನ ಹಳೇ ಊರಿನ ಓಣಿಗಳಿಗೆ ಏಸ್ ನುಗ್ಗಿದರೆ ಎದುರಿನಿಂದ ಬಂದ ಎಮ್ಮೆ ಹಿಂದಕ್ಕೆ ಹೋಗಬೇಕು, ಇಲ್ಲವೇ ಏಸ್ ಹೋಗಬೇಕು. ಎಮ್ಮೆ ಹೋಗುವುದಿಲ್ಲ.

ಸಣ್ಣ ಹೊರೆ, ಹತ್ತಿರದ ಹೊರೆ, ಪದೇ ಪದೇ ಎತ್ತಿ ಇಳಿಸುವ ಹೊರೆ. ಮುಕ್ಕಾಲು ಟನ್ನು ಹೊರುವ ಗಾಡಿಯಲ್ಲಿ ಇದನ್ನು ಸಾಗಿಸುವವನು ಹೆಚ್ಚಿನ ಹೊತ್ತು ಗಾಡಿಯ ಸ್ವಂತ ತೂಕವನ್ನೇ ಊರೆಲ್ಲ ಸುತ್ತಿಸುತ್ತಿರುತ್ತಾನೆ. ಅದಕ್ಕೂ ಡೀಸೆಲ್ ಬೇಕು, ಅದಕ್ಕೂ ಕಂತು ಕಟ್ಟಬೇಕು.

ಇನ್ನು ರಿಕ್ಷಾ ತುಳಿಯುವವನನ್ನು ಹತ್ತಿರದಿಂದ ನೋಡಿ. ಹಿಂದಿನ ಹಲಗೆಯ ಮೇಲೆ ಐದು ಸಿಮೆಂಟ್ ಚೀಲ. ಗಾಡಿ, ಮನುಷ್ಯ, ಹೊರೆ ಎಲ್ಲ ಸೇರಿ 400 ಕೆ.ಜಿ. ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಸೀಟಿನ ಮೇಲೆ ಕೂರುವುದೇ ಇಲ್ಲ, ಒಂದೊಂದು ಪೆಡಲಿನ ಮೇಲೂ ಎದ್ದು ನಿಂತು ಮೈಭಾರ ಹಾಕುತ್ತಾನೆ. ಸಣ್ಣದೊಂದು ಏರು ಬಂದರೆ ಇಳಿದುಬಿಡುತ್ತಾನೆ. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈ ಸೀಟಿನ ಹಿಂದೆ, ಮುಖ ನೆಲಕ್ಕೆ. ಇಳಿಜಾರಿನಲ್ಲಿ ಇನ್ನೂ ಕಷ್ಟ, ಏಕೆಂದರೆ ಇಂಥ ರಿಕ್ಷಾಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರುವುದು ಮುಂದಿನ ಗಾಲಿಗೆ ಮಾತ್ರ, ಭಾರ ಇರುವುದೆಲ್ಲ ಹಿಂದೆ. ಗೇರಿಲ್ಲ. ಹೊತ್ತಿಡೀ ದುಡಿಯುವ ಆರೋಗ್ಯವಂತನ ಕಾಲು ಬಿಡದೆ ಕೊಡಬಲ್ಲ ಶಕ್ತಿ ಸುಮಾರು 75 ವ್ಯಾಟ್. ಲೆಕ್ಕ ಹಾಕಿದರೆ ಆ ಹೊರೆ ಸಮತಟ್ಟಿನಲ್ಲಿ ನಡಿಗೆಯ ವೇಗದಲ್ಲಿ ಸಾಗುತ್ತದೆ. ನೂರು ಮೀಟರಿಗೆ ಮೂರು ಮೀಟರ್ ಏರಿದರೆ ಬಹುತೇಕ ನಿಂತೇ ಹೋಗುತ್ತದೆ. ಇದಕ್ಕೆ 250 ವ್ಯಾಟಿಗೆ ತುಸು ಕಡಿಮೆಯ ಮೋಟಾರು ಸೇರಿಸಿ. ಅಂದರೆ ಸುಮಾರು ಒಂದು ಅಶ್ವಶಕ್ತಿಯ ಮೂರನೇ ಒಂದು ಪಾಲು. ಮನೆಯ ಮಿಕ್ಸಿ ಇದಕ್ಕಿಂತ ಹೆಚ್ಚು ಎಳೆಯುತ್ತದೆ. ಅದೇ ಏರನ್ನು ಅವನು ಸೀಟಿನ ಮೇಲೆ ಕೂತೇ, ನಡೆಯುವವನಿಗಿಂತ ಚುರುಕಾಗಿ ಹತ್ತುತ್ತಾನೆ. ದಿನವಿಡೀ ಓಡಾಡಿದರೂ ಒಂದು ಯೂನಿಟ್ ಕರೆಂಟ್ ಖರ್ಚಾಗುವುದು ಕಷ್ಟ.

ಇಲ್ಲಿ ದಯಾವಂತರು ಎದ್ದು ನಿಲ್ಲುತ್ತಾರೆ. ಮನುಷ್ಯ ಹೊರೆ ಎಳೆಯುವುದೇ ಅಮಾನವೀಯ, ಅದನ್ನು ಸುಧಾರಿಸುವುದೇನು ಬಂತು, ನಿಲ್ಲಿಸಬೇಕು ಎನ್ನುತ್ತಾರೆ. ಇವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನ ಇರುವುದು ಇವರು ಇಷ್ಟು ದಿನ ಎಲ್ಲಿದ್ದರು ಎಂಬುದರ ಬಗ್ಗೆ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯ ಅನಿಲ್ ರಾಜವಂಶಿ ಅವರು 2002ರಲ್ಲೇ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ವಿಷಯ ಬರೆದಿದ್ದಾರೆ. ಸೈಕಲ್ ರಿಕ್ಷಾದ ವಿನ್ಯಾಸ ಹುಟ್ಟಿದಾಗಿನಿಂದ ಹೆಚ್ಚೇನೂ ಬದಲಾಗಿಲ್ಲ, ಗೇರಿಲ್ಲ, ಸರಿಯಾದ ಬ್ರೇಕಿಲ್ಲ, ಇದರಿಂದ ತುಳಿಯುವವನ ದೇಹ ಸವೆಯುತ್ತದೆ ಎಂದು ತೋರಿಸಿ, ಸುಧಾರಿಸಿದ ರಿಕ್ಷಾವನ್ನೂ, ಮೋಟಾರಿನ ಜೊತೆಯುಳ್ಳ ಪೆಡಲ್ ರಿಕ್ಷಾವನ್ನೂ, ಪೂರ್ತಿ ವಿದ್ಯುತ್ ರಿಕ್ಷಾವನ್ನೂ ಅವರ ಸಂಸ್ಥೆ ಕಟ್ಟಿತು. ಅಂದಿನಿಂದ ಎಷ್ಟು ಸರ್ಕಾರಗಳು ಬಂದವು, ಹೋದವು. ನಮ್ಮ ಬಜಾರಿನ ರಿಕ್ಷಾಕ್ಕೆ ಒಂದು ಹಿಂದಿನ ಬ್ರೇಕೂ ಬರಲಿಲ್ಲ. ಗೇರು ಕೊಡದೆ, ಬ್ರೇಕು ಕೊಡದೆ ಅವನ ಮೊಣಕಾಲು ಸವೆಸಿ, ಆಮೇಲೆ ಇದು ಅಮಾನವೀಯ ಗಾಡಿ, ಎಸೆಯಿರಿ ಎನ್ನುವುದು ಯಾವ ನ್ಯಾಯ?

ಕನ್ನಡ ನಾಡಿನಲ್ಲೂ ಇಂಥದ್ದೇ ಒಂದು ಕಥೆ ನಡೆದಿದೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯನ್ನು ಸುಧಾರಿಸಿ ಎಂದು ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ದೇಶವೆಲ್ಲ ಸುತ್ತಿ ಹೇಳಿದರು. ಗಾಲಿಗೆ ಬೇರಿಂಗ್ ಹಾಕಿ, ನೊಗ ಕತ್ತು ಕೊಯ್ಯದಂತೆ ಮಾಡಿ, ಗಾಡಿಯ ತೂಕ ಇಳಿಸಿ, ಅಷ್ಟಕ್ಕೇ ಎತ್ತಿನ ಕಷ್ಟ ಎಷ್ಟೋ ಕಡಿಮೆಯಾಗುತ್ತದೆ ಎಂಬುದು ಅವರ ವಾದ. ರಾಕೆಟ್ಟಿನ ಕಾಲದಲ್ಲಿ ಮ್ಯಾನೇಜ್‌ಮೆಂಟ್ ಪ್ರೊಫೆಸರು ಎತ್ತಿನ ಗಾಡಿ ಹಿಡಿದುಕೊಂಡಿದ್ದಾರೆ ಎಂದು ನಕ್ಕವರಿದ್ದರು. ನಕ್ಕವರ ಟ್ರ್ಯಾಕ್ಟರು ಬರುವವರೆಗೆ ಎತ್ತು ಹಳೇ ನೊಗದಲ್ಲೇ ಸತ್ತಿತು. ಹೊಸದು ಬರುತ್ತದೆ, ಹಳೆಯದನ್ನು ಮುಟ್ಟುವುದು ಬೇಡ ಎಂಬ ಈ ಧೋರಣೆಗೆ ನಡುವೆ ಸಿಕ್ಕವರ ಲೆಕ್ಕ ಇರುವುದಿಲ್ಲ.

ಹೊರೆಗೆ ದೊಡ್ಡ ಎಂಜಿನ್ ಬೇಕು ಎಂಬ ನಂಬಿಕೆಯಾದರೂ ಈ ಸೀಮೆಗೆ ಹೇಗೆ ಬಂತೋ ತಿಳಿಯದು. ಏಕೆಂದರೆ ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ ಕಡೆಯ ಹಳ್ಳಿ ರಸ್ತೆಯಲ್ಲಿ ಹೊರೆ ಹೊತ್ತು ಓಡಾಡುವ ನಿಜವಾದ ಗಾಡಿ ಟಿವಿಎಸ್. 1980ರಲ್ಲಿ 50 ಸಿ.ಸಿ.ಯ ಆ ಮೊಪೆಡ್ ಬಂದಾಗ ಅದು ಪೇಟೆಯ ಗುಮಾಸ್ತನಿಗೆ ಎಂದುಕೊಂಡವರೇ ಹೆಚ್ಚು. ಹಳ್ಳಿಯವರು ಅದರ ಮುಂದಿನ ಖಾಲಿ ಜಾಗದಲ್ಲಿ ಗೊಬ್ಬರದ ಚೀಲ ಇಟ್ಟರು, ಎರಡೂ ಬದಿಗೆ ಹಾಲಿನ ಕ್ಯಾನು ತೂಗುಬಿಟ್ಟರು, ಹಿಂದೆ ಮೇವಿನ ಹೊರೆ ಕಟ್ಟಿದರು. ಗುಜರಿಯವರು ಅದಕ್ಕೇ ಟ್ರಾಲಿ ಬೆಸುಗೆ ಹಾಕಿಸಿಕೊಂಡರು. ಯಾವ ಸಾರಿಗೆ ತಜ್ಞರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಹೊರೆಗೆ ಬೇಕಾದ್ದು ತಗ್ಗಿನ ಚೌಕಟ್ಟು, ನಿಧಾನದ ವೇಗ, ಅಗ್ಗದ ರಿಪೇರಿ ಎಂದು ಅವರಿಗೆ ಗೊತ್ತಿತ್ತು. ಮೋಟಾರಿನ ಕಾರ್ಗೋ ಸೈಕಲ್ಲು ಅದೇ ದಾರಿಯ ಮುಂದಿನ ಹೆಜ್ಜೆ, ಹಿಂದಕ್ಕೆ ಇಟ್ಟ ಹೆಜ್ಜೆಯಲ್ಲ.

ದೊಡ್ಡ ಗಾಡಿಯ ಮೋಹ ಎಂಥ ದುಬಾರಿ ಎಂಬುದಕ್ಕೆ ಆಂಧ್ರದಲ್ಲಿ ಕಣ್ಣ ಮುಂದಿನ ಸಾಕ್ಷಿಯೇ ಇದೆ. 2021ರ ಜನವರಿ 21ರಂದು ಅಂದಿನ ಸರ್ಕಾರ ಪಡಿತರ ಅಕ್ಕಿಯನ್ನು ಮನೆ ಬಾಗಿಲಿಗೆ ಒಯ್ಯುವ ಮಿನಿ ಟ್ರಕ್ಕುಗಳಿಗೆ ಬಾವುಟ ಬೀಸಿತು. ರಾಜ್ಯಕ್ಕೆಲ್ಲ 9,260 ಗಾಡಿ, 539 ಕೋಟಿ ರೂಪಾಯಿ. ಉದ್ದೇಶ ಒಳ್ಳೆಯದೇ. ಆದರೆ ಆ ಗಾಡಿ ಒಯ್ಯಬೇಕಾಗಿದ್ದುದು ತಲೆಗೆ ಐದು ಕೆ.ಜಿ. ಅಕ್ಕಿಯನ್ನು, ಒಂದು ಬೀದಿಯಿಂದ ಇನ್ನೊಂದು ಬೀದಿಗೆ. ಎಷ್ಟೋ ಕಡೆ ಅದು ಬೀದಿಯ ತುದಿಯಲ್ಲಿ ನಿಂತಿತು, ಜನ ಚೀಲ ಹಿಡಿದು ಅಲ್ಲಿಗೇ ಹೋದರು. ಬಾಗಿಲಿಗೆ ಬರಬೇಕಾದ ಗಾಡಿ ಬಾಗಿಲಿಗೆ ಬರಲಾರದಷ್ಟು ದೊಡ್ಡದಾಗಿತ್ತು. 2025ರ ಜೂನ್ 1ರಿಂದ ಹೊಸ ಸರ್ಕಾರ ಆ ವ್ಯವಸ್ಥೆಯನ್ನೇ ಕೈಬಿಟ್ಟು ಪಡಿತರವನ್ನು ಮತ್ತೆ ಅಂಗಡಿಗಳಿಗೆ ತಂದಿತು. 65 ದಾಟಿದವರಿಗೆ, ಅಂಗವಿಕಲರಿಗೆ ಮಾತ್ರ ಡೀಲರೇ ಮನೆಗೆ ತಲುಪಿಸಬೇಕು ಎಂದಿತು. ಸರಿ, ಡೀಲರು ಯಾವುದರಲ್ಲಿ ತಲುಪಿಸಬೇಕು? ಆ ಪ್ರಶ್ನೆಯನ್ನು ಯಾರೂ ಕೇಳಿದ ಹಾಗಿಲ್ಲ. ಒಂದು ಅಂಗಡಿಗೆ ಮೂವತ್ತು ಮನೆ ಎಂದುಕೊಂಡರೂ ಮೋಟಾರಿನ ಮೂರು ಗಾಲಿ ಸೈಕಲ್ಲಿನಲ್ಲಿ ಅದು ಒಂದು ಬೆಳಗಿನ ಕೆಲಸ. ತೂಕದ ಯಂತ್ರ, ಬೆರಳಚ್ಚಿನ ಯಂತ್ರ ಎರಡೂ ಅದರ ಪೆಟ್ಟಿಗೆಯಲ್ಲಿ ಹಿಡಿಯುತ್ತವೆ. ಗಾಡಿ ನೇರ ಹೊಸ್ತಿಲ ಮುಂದೆ ನಿಲ್ಲುತ್ತದೆ.

ಕಸದ ವಿಷಯದಲ್ಲೂ ಹೀಗೇ ಆಯಿತು. ಹಳ್ಳಿ ಪಂಚಾಯಿತಿಗಳಿಗೆ ಗೇರಿಲ್ಲದ, ಮೋಟಾರಿಲ್ಲದ ಕಸದ ಟ್ರೈಸಿಕಲ್ಲು ಕೊಟ್ಟರು. ಅದನ್ನು ತುಳಿಯಲಾಗದೆ ಎಷ್ಟೋ ಕಡೆ ಪಂಚಾಯಿತಿ ಕಟ್ಟಡದ ಹಿಂದೆ ನಿಲ್ಲಿಸಿದರು, ಅಲ್ಲೇ ತುಕ್ಕು ಹಿಡಿಯಿತು. ಪಟ್ಟಣಗಳಿಗೆ ಬಂದಾಗ ನೇರ ಇನ್ನೊಂದು ತುದಿಗೆ ಜಿಗಿದರು: 2023ರ ಜೂನ್‌ನಲ್ಲಿ 36 ಸಣ್ಣ ಮುನಿಸಿಪಾಲಿಟಿಗಳಿಗೆ 516 ಬ್ಯಾಟರಿ ಆಟೋ, ಒಂದೊಂದಕ್ಕೆ 4.10 ಲಕ್ಷ ರೂಪಾಯಿ. ಇವೆರಡರ ನಡುವೆ ಇನ್ನೇನೂ ಇಲ್ಲವೇ? ಇದೆ. ಆ ತುಕ್ಕು ಹಿಡಿದ ಟ್ರೈಸಿಕಲ್ಲಿಗೆ ಗೇರು, ಬ್ರೇಕು, ಮೋಟಾರು ಹಾಕಿದರೆ ಸಿಗುವ ಗಾಡಿಯೇ ಅದು.

ಅದರ ಬೆಲೆ ಎಷ್ಟು ಎಂಬುದಕ್ಕೆ ದೆಹಲಿ ಸರ್ಕಾರದ್ದೇ ಲೆಕ್ಕ ಇದೆ. 2022ರಲ್ಲಿ ದೆಹಲಿ ವಿದ್ಯುತ್ ಕಾರ್ಗೋ ಸೈಕಲ್ಲುಗಳಿಗೆ ಬೆಲೆಯ ಮೂರನೇ ಒಂದರಷ್ಟು, ಹೆಚ್ಚೆಂದರೆ 15,000 ರೂಪಾಯಿ ಸಬ್ಸಿಡಿ ಘೋಷಿಸಿತು. ಅಂದರೆ ಅವರು ಮನಸ್ಸಿನಲ್ಲಿಟ್ಟುಕೊಂಡದ್ದು 45,000 ರೂಪಾಯಿ ಆಸುಪಾಸಿನ ಗಾಡಿ. ಒಂದು ಬ್ಯಾಟರಿ ಆಟೋದ ದುಡ್ಡಿಗೆ ಇಂಥವು ಒಂಬತ್ತು ಬರುತ್ತವೆ. ಇನ್ನು ಕೇಂದ್ರ ಸರ್ಕಾರ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಪಿಎಂ ಇ-ಡ್ರೈವ್ ಯೋಜನೆಯ ಮೊತ್ತ 10,900 ಕೋಟಿ. ಅದರಲ್ಲಿ ಸ್ಕೂಟರಿಗೆ ಇತ್ತು, ಮೂರು ಗಾಲಿಗೆ ಇತ್ತು, ಬಸ್ಸಿಗೆ, ಆಂಬುಲೆನ್ಸಿಗೆ ಇತ್ತು, ಲಾರಿಗೆ ಬೇರೆಯೇ 500 ಕೋಟಿ ಇತ್ತು. ಪೆಡಲ್ ಇರುವ ಯಾವುದಕ್ಕೂ ಒಂದು ರೂಪಾಯಿ ಇರಲಿಲ್ಲ. ಏಕೆಂದರೆ ನೋಂದಣಿಯಾದ ವಾಹನಕ್ಕೆ ಮಾತ್ರ ಸಬ್ಸಿಡಿ. ಇಲ್ಲಿನ ತಮಾಷೆ ನೋಡಿ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ ಪೆಡಲ್ ಗಾಡಿ ಮೋಟಾರು ವಾಹನವೇ ಅಲ್ಲ. ಅದಕ್ಕೆ ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ರೋಡ್ ಟ್ಯಾಕ್ಸ್ ಬೇಡ. ಬಡವನಿಗೆ ಅನುಕೂಲವಾಗಲಿ ಎಂದು ಕೊಟ್ಟ ಈ ವಿನಾಯಿತಿಯೇ ಅವನನ್ನು ಸಬ್ಸಿಡಿಯ ಬಾಗಿಲಿಂದ ಹೊರಗೆ ನಿಲ್ಲಿಸಿತು. ಸಾಲದ್ದಕ್ಕೆ ಆ ವಿನಾಯಿತಿ ಪಡೆಯಲು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು. ಆದೋನಿಯಲ್ಲಿ ರಿಕ್ಷಾದ ಚೌಕಟ್ಟು ಬೆಸುಗೆ ಹಾಕುವವನು ಮೋಟಾರಿನ ಕಿಟ್ ತರಿಸಿ ಕೂರಿಸಬಲ್ಲ, ಚೆನ್ನಾಗಿಯೇ ಕೂರಿಸಬಲ್ಲ. ಅಂಥ ಸಂಸ್ಥೆಯಿರುವ ಪುಣೆಗೆ ಹೋಗಿ ಸರ್ಟಿಫಿಕೇಟ್ ತರಬಲ್ಲನೇ? ಹಾಗಾಗಿ ಅವನು ಕಟ್ಟಿದ ಗಾಡಿ ಕಾನೂನಿನ ಪ್ರಕಾರ ಸೈಕಲ್ಲೂ ಅಲ್ಲ, ನೋಂದಣಿಯಾದ ಮೋಟಾರು ವಾಹನವೂ ಅಲ್ಲ. ಚೌಕದಲ್ಲಿ ಪೊಲೀಸರು ತಡೆದರೆ ಅವನ ಬಳಿ ಉತ್ತರವೂ ಇಲ್ಲ.

ಇದೆಲ್ಲ ಲಂಡನ್ನಿಗೆ, ಜರ್ಮನಿಗೆ ಸರಿ, ನಮ್ಮ ಧೂಳಿನ ಊರಿಗೆ ಅಲ್ಲ ಎನ್ನುವವರಿದ್ದಾರೆ. ಹ್ಯಾಂಬರ್ಗಿನಲ್ಲಿ ಯುಪಿಎಸ್ ಕಂಪನಿ 2012ರಿಂದಲೇ ಊರ ನಡುವೆ ಕಂಟೇನರ್ ಇಟ್ಟು ಅಲ್ಲಿಂದ ಮೂರು ಗಾಲಿ ಸೈಕಲ್ಲುಗಳಲ್ಲಿ ಪಾರ್ಸೆಲ್ ಹಂಚುತ್ತಿದೆ. ಲಂಡನ್ನಿನ ನಡುಭಾಗದಲ್ಲಿ ಕಾರ್ಗೋ ಸೈಕಲ್ಲುಗಳು ವ್ಯಾನಿಗಿಂತ ಸುಮಾರು ಶೇ 60ರಷ್ಟು ವೇಗವಾಗಿ ಸಾಮಾನು ತಲುಪಿಸುತ್ತವೆ ಎಂದು 2021ರ ಅಧ್ಯಯನವೊಂದು ಹೇಳಿತು. ಅವರಿಗೆ ಇದು ಹೊಸ ಶೋಧ. ನಮ್ಮಲ್ಲಿ ಗಾಡಿಯೂ ಇತ್ತು, ತುಳಿಯುವವನೂ ಇದ್ದ, ಓಣಿಯ ದಾರಿಯೂ ಅವನಿಗೆ ಗೊತ್ತಿತ್ತು. ಇಲ್ಲದ್ದು ಮೋಟಾರು ಒಂದೇ. ಅವರು ಮೋಟಾರು ಇಟ್ಟುಕೊಂಡು ಸೈಕಲ್ಲಿಗೆ ಬಂದರು, ನಾವು ಸೈಕಲ್ಲು ಎಸೆದು ಮೋಟಾರಿಗೆ ಹೋಗುತ್ತಿದ್ದೇವೆ. ಇನ್ನು ಇಪ್ಪತ್ತು ವರ್ಷಕ್ಕೆ ಅವರಿಂದಲೇ ಈ ಗಾಡಿಯನ್ನು ಆಮದು ಮಾಡಿಕೊಂಡು ‘ಸ್ಮಾರ್ಟ್’ ಎಂಬ ಹೆಸರಿಟ್ಟರೆ ನನಗೆ ಆಶ್ಚರ್ಯವಿಲ್ಲ.

ಕಂತಿನ ಮಾತಿಗೆ ಬರೋಣ, ಏಕೆಂದರೆ ನನ್ನ ವಾದದ ಬುಡ ಇರುವುದೇ ಅಲ್ಲಿ. ಕೋಸಿಗಿ, ಕೌತಾಳಂ, ಪೆದ್ದಕಡಬೂರು ಕಡೆಯಿಂದ ಸಾವಿರಾರು ಕುಟುಂಬಗಳು ವರ್ಷದಲ್ಲಿ ತಿಂಗಳುಗಟ್ಟಲೆ ಗುಂಟೂರಿನ ಮೆಣಸಿನಕಾಯಿ, ಹತ್ತಿ ಬಿಡಿಸಲು ವಲಸೆ ಹೋಗುತ್ತವೆ. ಮನೆಗೆ ಬೀಗ, ಶಾಲೆಯಲ್ಲಿ ಮಕ್ಕಳಿಲ್ಲ. ಇಂಥ ಮನೆಯವನಿಗೆ ನಾಲ್ಕು ಲಕ್ಷದ ಆಟೋ ಸಾಲ ಕೊಟ್ಟರೆ ಅವನು ಊರಲ್ಲಿಲ್ಲದ ತಿಂಗಳೂ ಕಂತು ಓಡುತ್ತಲೇ ಇರುತ್ತದೆ. ವಿಮೆ, ಫಿಟ್‌ನೆಸ್, ಪರ್ಮಿಟ್ಟು ಬೇರೆ. ಮೂರು ಕಂತು ತಪ್ಪಿದರೆ ಫೈನಾನ್ಸಿನವರು ಗಾಡಿ ಎತ್ತಿಕೊಂಡು ಹೋಗುತ್ತಾರೆ. ಆಟೋ ಅವನನ್ನು ವರ್ಷವಿಡೀ ಬಾಡಿಗೆಗಾಗಿ ಓಡಿಸುತ್ತದೆ. ಬಾಡಿಗೆ ಇಲ್ಲದಿದ್ದರೂ ಓಡಿಸುತ್ತದೆ. ಮೋಟಾರಿನ ಸೈಕಲ್ಲು ಹಾಗಲ್ಲ. ವಲಸೆ ಹೋಗುವಾಗ ಬ್ಯಾಟರಿ ಬಿಚ್ಚಿ ಪಕ್ಕದ ಮನೆಯಲ್ಲಿಟ್ಟು ಹೋಗಬಹುದು. ಬ್ಯಾಟರಿ ಸತ್ತರೂ ಅದು ಸೈಕಲ್ಲಾಗಿ ಉಳಿಯುತ್ತದೆ; ಬ್ಯಾಟರಿ ಸತ್ತ ಆಟೋ ಬರೀ ತಗಡು.

ಟ್ರೇಲರಿನ ಬಗ್ಗೆ ಪಟ್ಟಣದವರು ಯೋಚಿಸುವುದೇ ಇಲ್ಲ. ಹಳ್ಳಿಯಲ್ಲಿ ಹೆಚ್ಚು ಹೊರೆ ಹೊರುವವರು ಹೆಂಗಸರು. ಬೇಸಿಗೆಯಲ್ಲಿ ನೀರಿನ ಕೊಡ, ಸಂಜೆ ಮೇವಿನ ಹೊರೆ, ಸೌದೆ. ಇದಕ್ಕೆ ಯಾವ ಬಾಡಿಗೆಯೂ ಇಲ್ಲದ್ದರಿಂದ ಯಾವ ಸಾರಿಗೆ ಲೆಕ್ಕದಲ್ಲೂ ಇದು ಬರುವುದಿಲ್ಲ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರು ಬಂದ ಊರಲ್ಲೂ ನಲ್ಲಿಯಿಂದ ಮನೆಗೆ ನೀರು ತಲೆಯ ಮೇಲೆಯೇ ಬರುತ್ತದೆ. ಗಂಡಸರು ಸೈಕಲ್ಲಿಗೆ ನಾಲ್ಕು ಪ್ಲಾಸ್ಟಿಕ್ ಕೊಡ ಕಟ್ಟಿಕೊಂಡು ತರುವುದನ್ನು ನೋಡಿದ್ದೇವೆ. ಸೀರೆಯುಟ್ಟವಳು ಆ ಸೈಕಲ್ ಹತ್ತಲಾರಳು. ತಗ್ಗಿನ ಚೌಕಟ್ಟಿನ ಸೈಕಲ್ಲು, ಹಿಂದೆ ಕೊಂಡಿಯಿಂದ ಸಿಕ್ಕಿಸಿ ಬಿಚ್ಚುವ ಎರಡು ಗಾಲಿಯ ಟ್ರೇಲರು, ಗಾಲಿಯಲ್ಲೊಂದು ಸಣ್ಣ ಮೋಟಾರು. ಆರು ಕೊಡ ಒಂದೇ ಸಲ ಬರುತ್ತವೆ. ಇದು ಸ್ವಸಹಾಯ ಸಂಘದ ಸಾಲದ ಅಳತೆಯ ವಸ್ತು. ಬ್ಯಾಂಕಿನ ವಾಹನ ಸಾಲದ ಅಳತೆಯದ್ದಲ್ಲ.

ಎದುರಾಳಿಗಳ ಎಲ್ಲ ಮಾತೂ ಸುಳ್ಳಲ್ಲ. ಮಳೆ ಬಿದ್ದ ಎರೆ ನೆಲದಲ್ಲಿ ಈ ಗಾಡಿ ನಾಲ್ಕು ಮಾರು ಹೋಗುವುದಿಲ್ಲ, ಅಲ್ಲಿ ಟ್ರ್ಯಾಕ್ಟರೇ ದಿಕ್ಕು. ನಲವತ್ತು ಡಿಗ್ರಿ ದಾಟುವ ಬಿಸಿಲಲ್ಲಿ ಅಗ್ಗದ ಬ್ಯಾಟರಿ ಬೇಗ ಸಾಯುತ್ತದೆ, ನೆರಳಲ್ಲಿ ಚಾರ್ಜ್ ಮಾಡುವ ಶಿಸ್ತು ಬೇಕು. 2008ರ ಅಕ್ಟೋಬರ್ 2ರಂದು ದೆಹಲಿಯ ಚಾಂದನಿ ಚೌಕದಲ್ಲಿ ಸದ್ದುಗದ್ದಲದಿಂದ ಬಿಡುಗಡೆಯಾದ ‘ಸೋಲೆಕ್‌ಶಾ’ ಎಂಬ ಸರ್ಕಾರಿ ಸೌರ ರಿಕ್ಷಾ ಇಂದು ಯಾವ ಬೀದಿಯಲ್ಲಿದೆ ಎಂದು ಕೇಳಿದರೆ ನಾನೂ ತೋರಿಸಲಾರೆ. ಪ್ರಯೋಗಶಾಲೆಯಲ್ಲಿ ಹುಟ್ಟಿದ ಗಾಡಿಗೆ ಓಣಿಯಲ್ಲಿ ರಿಪೇರಿಯವನು ಸಿಗದಿದ್ದರೆ ಅದಕ್ಕೆ ಆಗುವ ಗತಿ ಅದೇ. ಆದ್ದರಿಂದಲೇ ಗಾಡಿ ದೆಹಲಿಯಿಂದ ಬರುವುದು ಬೇಡ, ಇಲ್ಲಿನ ಬೆಸುಗೆ ಅಂಗಡಿಯಲ್ಲೇ ಹುಟ್ಟಲಿ ಎನ್ನುತ್ತೇನೆ. ಪುಣೆಯ ಸರ್ಟಿಫಿಕೇಟು ಒಂದು ನಮೂನೆಗೆ ಒಮ್ಮೆ ಸಿಕ್ಕರೆ ಸಾಕು. ಆ ನಕ್ಷೆಯನ್ನು ಸರ್ಕಾರ ಎಲ್ಲ ಬೆಸುಗೆಯವರಿಗೂ ಬಿಟ್ಟುಕೊಟ್ಟು, ಅದರಂತೆ ಕಟ್ಟಿದ ಗಾಡಿಗೆಲ್ಲ ವಿನಾಯಿತಿ ಎಂದರೆ ಅರ್ಧ ಕೆಲಸ ಮುಗಿಯಿತು.

ಕರ್ನಾಟಕದ ಓದುಗರಿಗೆ ಇದು ಪರರಾಜ್ಯದ ಚಿಂತೆ ಅನ್ನಿಸಬಹುದು. ಆದರೆ 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಗಡಿ ಬದಲಾಯಿತು, ಕನ್ನಡ ಶಾಲೆಗಳು ಉಳಿದವು, ಹೊರೆಯ ಸ್ವಭಾವವೂ ಉಳಿದಿದೆ. ಬಳ್ಳಾರಿಯಲ್ಲಿ ಕತ್ತರಿಸಿದ ಜೀನ್ಸ್ ಬಟ್ಟೆಯ ಗಂಟು ಹೊಲಿಯುವ ಮನೆಗಳಿಗೂ ಅಲ್ಲಿಂದ ತೊಳೆಯುವ ಘಟಕಕ್ಕೂ ದಿನವಿಡೀ ಓಡಾಡುತ್ತದೆ. ಸಿರುಗುಪ್ಪದ ಅಕ್ಕಿ ಅಂಗಡಿಯವನ ಲೆಕ್ಕಾಚಾರ ಆದೋನಿಯವನಿಗಿಂತ ಬೇರೆಯಲ್ಲ. ಎರಡೂ ಕಡೆಯ ಸರ್ಕಾರಗಳಿಗೆ ಒಂದೇ ಅರ್ಜಿ ಸಾಕು.

ಅರ್ಜಿ ಇಷ್ಟೇ. ಆದೋನಿ ಯಾರ್ಡಿನ ಹಮಾಲಿಗಳಿಗೆ ಹತ್ತು, ಪಡಿತರ ಡೀಲರುಗಳಿಗೆ ಹತ್ತು, ಹೊಳಗುಂದ, ಕೋಸಿಗಿಯ ಮಹಿಳಾ ಸಂಘಗಳಿಗೆ ಹತ್ತು ಗಾಡಿ ಕೊಡಿ. ದೆಹಲಿಯ ದರದಲ್ಲಿ ಮೂವತ್ತಕ್ಕೂ ಸೇರಿ ಹದಿಮೂರೂವರೆ ಲಕ್ಷ ಆಗುತ್ತದೆ. ಮೂರೂ ಕಾಲು ಬ್ಯಾಟರಿ ಆಟೋದ ದುಡ್ಡು. ಊರಿನ ಬೆಸುಗೆ ಅಂಗಡಿಯಲ್ಲೇ ಕಟ್ಟಿಸಿ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಒಂದು ಹತ್ತಿ ಸುಗ್ಗಿ ಪೂರ್ತಿ ಓಡಲಿ, ಎಷ್ಟು ತೂಕ ಎಷ್ಟು ದೂರ ಎಷ್ಟು ಖರ್ಚಿನಲ್ಲಿ ಸಾಗಿತು ಎಂದು ಬರೆದಿಡಿ, ಅದೇ ಕೆಲಸದ ಆಟೋ ಲೆಕ್ಕವನ್ನು ಪಕ್ಕದಲ್ಲಿಡಿ, ಎರಡನ್ನೂ ಮುನಿಸಿಪಾಲಿಟಿಯ ಬೋರ್ಡಿಗೆ ಅಂಟಿಸಿ. ಆಟೋ ಗೆದ್ದರೆ ಮೂವತ್ತೂ ಗಾಡಿಗಳನ್ನು ಗುಜರಿಗೆ ಹಾಕಿ, ನಾನು ಮತ್ತೆ ಈ ಮಾತು ಎತ್ತುವುದಿಲ್ಲ.